ಚೀಟಿ ಕಳಿಸಿದರೆ 'ಟ್ರ್ಯಾಕ್ ಇಲ್ಲ' ಅಂದರು: ನಮ್ಮ ದಾವಣಗೆರೆ ರಸಮಂಜರಿಗಳ ಕಥೆ

ಮಂಡಕ್ಕಿಭಟ್ಟಿ

ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಇದ್ದವರು ಓದಿ, ಇಲ್ಲದವರು ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟರೂ ಸಾಕು.

ನಾನು ಹಾಡುವವನಲ್ಲ, ಬಾರಿಸುವವನೂ ಅಲ್ಲ. ಬರೀ ಕೇಳುವವನು. ಗಣೇಶನ ಪೆಂಡಾಲು, ರಾಜ್ಯೋತ್ಸವ, ದುಗ್ಗಮ್ಮನ ಜಾತ್ರೆ, ಹರಿಹರದ ಕಡೆ ಊರಹಬ್ಬ, ಎಲ್ಲೇ 'ಭರ್ಜರಿ ರಸಮಂಜರಿ' ಅಂತ ಬ್ಯಾನರ್ ಕಂಡರೂ ಬೈಕ್ ತಾನಾಗೇ ನಿಲ್ಲುತ್ತೆ. ಮನೆಯಲ್ಲಿ ಇದಕ್ಕೆ ಮಂಗಳಾರತಿ ಇದ್ದದ್ದೇ.

ಮೊನ್ನೆ ನಮ್ಮ ಬಡಾವಣೆಯ ಪಕ್ಕದಲ್ಲೇ ಒಂದು ಕಾರ್ಯಕ್ರಮ ಇತ್ತು. ತಂಡದ ಹೆಸರು, ಸಂಘದ ಹೆಸರು ಬೇಡ, ಜಗಳಕ್ಕೆ ಬರೆಯುತ್ತಿಲ್ಲ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೆ ಮಂಡಿನೋವು, ಸಂಜೆ ಮೇಲೆ ಹೊರಗೆ ಬರುವುದೇ ಅಪರೂಪ. ಅವತ್ತು ಮಾತ್ರ ನನಗಿಂತ ಮುಂಚೆ ರೆಡಿ. ಚೀಟಿ ಮನೆಯಲ್ಲೇ ಬರೆದು ಇಟ್ಟುಕೊಂಡಿದ್ದಳು. ಗ್ಯಾಸ್ ಸಿಲಿಂಡರಿನ ರಶೀದಿ ಹಿಂದೆ, ನೀಲಿ ಪೆನ್ನಿನಲ್ಲಿ, ಅಣ್ಣಾವ್ರ ಒಂದು ಹಳೇ ಹಾಡಿನ ಮೊದಲ ಸಾಲು. ಅದರ ಕೆಳಗೆ 'ದಯಮಾಡಿ ಎರಡೂ ಚರಣ ಹಾಡಿರಿ'. 'ಎರಡೂ' ಅನ್ನೋದಕ್ಕೆ ಅಡಿಗೆರೆ ಬೇರೆ.

ಚೀಟಿ ಕೊಟ್ಟು ಬಂದೆ. ನಿರೂಪಕ ಓದಿದ. ಪಕ್ಕದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಹುಡುಗನ ಮುಖ ನೋಡಿದ. ಹುಡುಗ ತಲೆ ಆಡಿಸಿದ. 'ಅಮ್ಮಾ, ಈ ಹಾಡಿನ ಟ್ರ್ಯಾಕ್ ನಮ್ಮ ಹತ್ರ ಇಲ್ಲ, ಬೇರೆ ಯಾವುದಾದರೂ ಹೇಳಿ' ಅಂತ ಮೈಕಿನಲ್ಲೇ ಹೇಳಿದರು. ಅವ್ವ 'ಟ್ರ್ಯಾಕ್ ಅಂದ್ರೆ ಏನೋ?' ಅಂದಳು. ಹಾಡುವವರ ದನಿ ಬಿಟ್ಟು ಬರೀ ವಾದ್ಯದ ಸದ್ದು ಮೊದಲೇ ರೆಕಾರ್ಡ್ ಮಾಡಿಟ್ಟದ್ದು ಅಂತ ನನಗೆ ಹೇಳೋಕೆ ಆಗಲಿಲ್ಲ.

ವೇದಿಕೆ ಮೇಲೆ ಸ್ಟ್ಯಾಂಡಿನಲ್ಲಿ ಒಂದು ಕೀಬೋರ್ಡ್ ಇತ್ತು. ಹಿಂದೆ ಒಬ್ಬರು ಮಿರಮಿರ ಮಿಂಚುವ ಶರ್ಟ್ ಹಾಕಿಕೊಂಡು ಬೆರಳು ಆಡಿಸುತ್ತಾ ನಿಂತಿದ್ದರು. ವಾಪಸ್ ಬರುವಾಗ ಪಕ್ಕದಿಂದ ಬಗ್ಗಿ ನೋಡಿದೆ. ಕೀಬೋರ್ಡಿಗೆ ವೈರೇ ಚುಚ್ಚಿರಲಿಲ್ಲ.

ಚಿಕ್ಕವನಿದ್ದಾಗ ನಮ್ಮ ಓಣಿಯ ಗಣೇಶನ ಪೆಂಡಾಲಿನಲ್ಲಿ ಚೀಟಿ ಸಾಗಿಸುವುದು ನನ್ನ ಕೆಲಸ. ಹೆಂಗಸರು ಕೂತ ಕಡೆಯಿಂದ ವೇದಿಕೆಗೆ, ಗಂಡಸರ ಕಡೆಯಿಂದ ವೇದಿಕೆಗೆ. ಸಿಗರೇಟ್ ಪ್ಯಾಕಿನ ಒಳಗಿನ ಹಾಳೆ, ದೋಸೆ ಹೋಟೆಲಿನ ಬಿಲ್ಲು, ಮಕ್ಕಳ ನೋಟ್‌ಬುಕ್ಕಿನ ಮೂಲೆ. ಕೀಬೋರ್ಡ್ ಮೇಷ್ಟ್ರು ಕನ್ನಡಕ ಏರಿಸಿ ಚೀಟಿ ಓದಿ, ಹಾಡುವವರ ಕಡೆ ತಿರುಗಿ 'ಯಾವ ಶ್ರುತಿ?' ಅನ್ನುತ್ತಿದ್ದರು. ಅವರು ಎರಡು ಬೆರಳು ತೋರಿಸಿದರೆ ಕರಿ ಎರಡು, ಅಂದರೆ ಕೀಬೋರ್ಡಿನ ಎರಡನೇ ಕರಿ ಮನೆಯ ಶ್ರುತಿ. ತಬಲಾದವರು ಸುತ್ತಿಗೆ ತೆಗೆದು ಟಕ್ ಟಕ್ ಅಂತ ಎರಡು ಏಟು ಕೊಟ್ಟು ಸರಿಮಾಡಿಕೊಳ್ಳುತ್ತಿದ್ದರು. ಅರ್ಧ ನಿಮಿಷ. ಹಾಡು ಶುರು. ತಪ್ಪು ಇರುತ್ತಿತ್ತು, ನಡುವಿನ ಬಿಜಿಎಂ ಅರ್ಧ ನುಂಗಿಬಿಡುತ್ತಿದ್ದರು. ಆದರೆ 'ಆ ಹಾಡು ಇಲ್ಲ' ಅಂದಿದ್ದು ನಾನು ಕೇಳಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಕಡೆ ಈಗಲೂ ಚೀಟಿ ನೋಡಿ ಹಾಡುವ ತಂಡ ಇದೆಯಾ?

ಹದಡಿರೋಡ್_ಹುಡುಗ

ಅಣ್ಣಾ, ಬೇಜಾರು ಮಾಡ್ಕೋಬೇಡಿ. ನನಗೆ ಟ್ರ್ಯಾಕೇ ಇಷ್ಟ. ಒರಿಜಿನಲ್ ಹಾಡು ಹೇಗಿದೆಯೋ ಹಾಗೇ ಕೇಳುತ್ತೆ. ಬೇಸ್ ಎದೆಗೆ ಬಡಿಯುತ್ತೆ. ಹಳೇ ಆರ್ಕೆಸ್ಟ್ರಾ ವಿಡಿಯೋ ನೋಡಿದ್ದೀನಿ, ಆ ಕೀಬೋರ್ಡಿನಲ್ಲಿ ಪಿಟೀಲು, ಕೊಳಲು, ಶಹನಾಯಿ ಎಲ್ಲಾ ಒಂದೇ ಥರ ಕೇಳುತ್ತೆ. ಕುಣಿಯೋಕೆ ಬರುವವರಿಗೆ ಚೀಟಿ ಗೀಟಿ ಬೇಕಾಗಲ್ಲ.

ಮಂಡಕ್ಕಿಭಟ್ಟಿ

ತಮ್ಮಾ, ಕುಣಿಯೋಕೆ ನನ್ನ ತಕರಾರಿಲ್ಲ. ಒರಿಜಿನಲ್ ಥರಾನೇ ಬೇಕು ಅಂದರೆ ಮೊಬೈಲಿನಲ್ಲಿ ಒರಿಜಿನಲ್ಲೇ ಇದೆಯಲ್ಲ. ಪ್ಲಾಸ್ಟಿಕ್ ಕುರ್ಚಿ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ಯಾಕೆ ಕೂರಬೇಕು? ಆದರೆ ಕೀಬೋರ್ಡಿನ ಶಹನಾಯಿ ಬಗ್ಗೆ ನೀನು ಹೇಳಿದ್ದು ಒಪ್ಪಿದೆ. ಮದುವೆ ಮನೆಯ ಕಾಲಿಂಗ್ ಬೆಲ್ ಥರ ಇರುತ್ತಿತ್ತು.

ಪ್ಯಾಡ್_ತಮ್ಮ

ನಾನು ರಿದಂ ಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ) ಬಾರಿಸುವವನು. ಹದಿನಾಲ್ಕು ವರ್ಷ ಆಯ್ತು. ನೀವು ಹೇಳಿದ ತಂಡ ನಮ್ಮದಲ್ಲ, ಆದರೆ ನಾವೂ 'ಟ್ರ್ಯಾಕ್ ಇಲ್ಲ' ಅಂದಿದ್ದೀವಿ. ಸುಳ್ಳು ಯಾಕೆ ಹೇಳಲಿ.

ಲೆಕ್ಕ ಹೇಳ್ತೀನಿ ಕೇಳಿ. ಪೂರ್ತಿ ಲೈವ್ ಅಂದರೆ ಕೀಬೋರ್ಡ್ ಇಬ್ಬರು, ತಬಲಾ, ಢೋಲಕ್, ಪ್ಯಾಡ್, ಗಿಟಾರ್, ಹಾಡುವವರು ನಾಲ್ವರು, ನಿರೂಪಕ. ಹನ್ನೊಂದು ಜನ. ಅವರಿಗೆ ಸಂಭಾವನೆ, ಊಟ, ಟೆಂಪೋ. ಟ್ರ್ಯಾಕ್ ಆದರೆ ಲ್ಯಾಪ್‌ಟಾಪ್, ಹಾಡುವವರು ಮೂವರು, ಒಂದು ಕಾರು ಸಾಕು. ಸಂಘದವರಿಗೆ ಎರಡು ರೇಟ್ ಹೇಳಿದರೆ ಯಾವುದು ಆರಿಸುತ್ತಾರೆ? ದುಡ್ಡು ಇಲ್ಲ ಅಂತಲ್ಲ. ಲೈಟಿಂಗಿಗೆ ಇದೆ, ಪಟಾಕಿಗೆ ಇದೆ, ಡಿಜೆಗೆ ಇದೆ. ಬಾರಿಸುವವರ ಹತ್ತಿರ ಬಂದಾಗ ಮಾತ್ರ 'ಸ್ವಲ್ಪ ನೋಡಿ ಮಾಡ್ರಿ'.

ಅದು ಬಿಡಿ. ನಿಜವಾದ ಕಾಟ ಟೈಮಿಂದು. ಏಳಕ್ಕೆ ಅಂತ ಪಾಂಪ್ಲೆಟ್ ಹಾಕಿರುತ್ತಾರೆ. ನಾವು ಆರಕ್ಕೇ ಹೋಗಿ ವೈರ್ ಎಳೆದು ಕೂತಿರುತ್ತೀವಿ. ಮುಖಂಡರು ಬರೋದು ಎಂಟಕ್ಕೆ. ದೀಪ ಬೆಳಗಿಸಿ, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಸನ್ಮಾನ. ಒಂದು ಸಲ ಮೂವತ್ತೆರಡು ಜನಕ್ಕೆ ಶಾಲು ಹೊದಿಸಿದರು, ನಾನು ಕೂತು ಎಣಿಸಿದ್ದೀನಿ. ನಮಗೆ ಮೈಕ್ ಸಿಕ್ಕಿದ್ದು ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ. ಹತ್ತಕ್ಕೆ ಪೊಲೀಸರು ಬಂದು ಕೆಳಗೆ ನಿಂತು ಕೈಗಡಿಯಾರ ತೋರಿಸುತ್ತಾರೆ. ಎಪ್ಪತ್ತು ನಿಮಿಷದಲ್ಲಿ ಚೀಟಿ ಓದಿ, ಶ್ರುತಿ ಕೇಳಿ, ತಬಲಾ ಏರಿಸಿ... ಆಗುತ್ತಾ ಹೇಳಿ.

ಇನ್ನು ವೈರ್ ಚುಚ್ಚದ ಕೀಬೋರ್ಡ್ ಬಗ್ಗೆ. ಆ ಶರ್ಟಿನ ಮನುಷ್ಯ ಒಂದು ಕಾಲದಲ್ಲಿ ಚೆನ್ನಾಗಿ ನುಡಿಸುತ್ತಿದ್ದವರೇ ಇರಬಹುದು. ನಿಂತುಕೊಳ್ಳೋಕೆ ಅಂತಲೇ ಕರೆಯುತ್ತಾರೆ, 'ವೇದಿಕೆ ಖಾಲಿ ಕಾಣಬಾರದು' ಅಂತ. ನಗಬೇಡಿ. ನನ್ನನ್ನೂ ಎರಡು ಸಲ ಹಾಗೆ ನಿಲ್ಲಿಸಿದ್ದಾರೆ. ಕೈ ಆಡಿಸುವಾಗ ನಾಚಿಕೆ ಆಗುತ್ತೆ.

ಮಂಡಕ್ಕಿಭಟ್ಟಿ

ತಪ್ಪಾಯ್ತು ಗುರುವೇ. ಆ ಶರ್ಟಿನ ಮಾತು ವಾಪಸ್ ತಗೊಂಡೆ. ಶಾಲಿನ ಮಾತು ಮಾತ್ರ ನೂರಕ್ಕೆ ನೂರು. ಆ ಶಾಲುಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಅನ್ನೋದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸೌಂಡ್‌ಬಾಕ್ಸ್

ಮೈಕ್‌ಸೆಟ್ ನಮ್ಮದು. ಅಪ್ಪನ ಕಾಲದಲ್ಲಿ ಕಹಳೆ ಸ್ಪೀಕರು, ಈಗ ಲೈನ್ ಅರೇ, ಒಂದರ ಕೆಳಗೊಂದು ಜೋಡಿಸಿದ ಸ್ಪೀಕರ್ ಸಾಲು. ಎರಡು ಮಾತು.

ಹತ್ತು ಗಂಟೆ ಅನ್ನೋದು ಪೊಲೀಸರ ಮರ್ಜಿ ಅಲ್ಲ, 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಹರಿದಿನಕ್ಕೆ ಅಂತ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸರ್ಕಾರ ಸಡಿಲ ಮಾಡಬಹುದು. ಮುಚ್ಚಿದ ಸಭಾಂಗಣದ ಒಳಗೆ ಆದರೆ ಈ ರಾತ್ರಿ ನಿಷೇಧ ಇಲ್ಲ. ಜನವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಅಡುಗೆಮನೆ ಮಿಕ್ಸಿಯೇ 55 ದಾಟುತ್ತೆ ಬಿಡಿ.

ಎರಡನೇದು, ಲೈವ್ ಅಂದರೆ ನನ್ನ ಕೆಲಸ ನಾಲ್ಕು ಪಟ್ಟು. ಟ್ರ್ಯಾಕಿಗೆ ಒಂದು ವೈರ್, ಹಾಡುವವರಿಗೆ ಮೂರು ಮೈಕ್. ಮುಗೀತು. ಲೈವಿಗೆ ಢೋಲಕ್ಕಿಗೇ ಎರಡು ಮೈಕ್ ಬೇಕು. ಪಕ್ಕದಲ್ಲೇ ಮಾನಿಟರ್ (ಬಾರಿಸುವವರಿಗೇ ಕೇಳಿಸಲಿ ಅಂತ ಇಡುವ ಸ್ಪೀಕರು) ಇಟ್ಟಿರುತ್ತೀವಿ, ಆ ಸದ್ದು ಮತ್ತೆ ಮೈಕಿಗೆ ಹೋಗಿ ಕುಂಯ್ಯೋ ಅಂತ ಕಿರುಚುತ್ತೆ. ಇದನ್ನ ಸರಿ ಮಾಡೋಕೆ ಮುಂಚೆನೇ ಅರ್ಧ ಗಂಟೆ ಸೌಂಡ್ ಚೆಕ್ ಬೇಕು. ಆ ಅರ್ಧ ಗಂಟೆಯಲ್ಲಿ ಯಾರೋ ಬಂದು 'ಹಲೋ ಹಲೋ ಸಾಕು, ಭಕ್ತಿಗೀತೆ ಹಾಕ್ರಿ, ಜನ ಬರ್ಬೇಕು' ಅನ್ನುತ್ತಾರೆ.

ಜನಕ್ಕೆ ಬೇಸ್ ಬೇಕು. ಬೇಸ್ ಏರಿಸಿದರೆ ಹಾಡಿನ ಮಾತು ಮುಳುಗುತ್ತೆ. ಮಾತು ಕೇಳಿಸಲಿ ಅಂತ ಮೈಕ್ ಏರಿಸಿದರೆ ಕಿರುಚುತ್ತೆ. ಆಗ ಎಲ್ಲರೂ ತಿರುಗಿ ನನ್ನ ಮುಖ ನೋಡುತ್ತಾರೆ.

ಕೋಟೆಗಾಳಿ

ನಾನು ದುರ್ಗದವನು. ನಮ್ಮಲ್ಲಿ ಸೌಂಡಿನವರಿಗೆ ಇನ್ನೊಂದು ಶತ್ರು ಇದೆ, ಗಾಳಿ. ಜೋಗಿಮಟ್ಟಿ ಬೆಟ್ಟದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ ಸ್ವಾಮಿ. ಬಯಲಿನಲ್ಲಿ ಕಾರ್ಯಕ್ರಮ ಇಟ್ಟರೆ ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೂ ಭರ್ ಭರ್ ಅಂತ ಒಂದು ಸದ್ದು ನಡುವೆ ಬರುತ್ತಲೇ ಇರುತ್ತೆ. ಹಿಂದೆ ಕೂತವರಿಗೆ ಹಾಡು ಒಮ್ಮೆ ಹತ್ತಿರ, ಒಮ್ಮೆ ದೂರ. ಒಂದು ಥರ ಚೆನ್ನಾಗೂ ಇರುತ್ತೆ. ತ.ರಾ.ಸು. ರಂಗಮಂದಿರದ ಒಳಗೆ ಆದರೆ ಈ ತಾಪತ್ರಯ ಇಲ್ಲ, ಆದರೆ ಆ ಮಜವೂ ಇಲ್ಲ.

ಚೀಟಿ ವಿಷಯಕ್ಕೆ ಬರ್ತೀನಿ. ನೀವು ರಸಮಂಜರಿ ಒಂದನ್ನೇ ಸಂಗೀತ ಅಂತ ಲೆಕ್ಕ ಹಾಕಿದ್ದೀರಿ. ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಬನ್ನಿ. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದಿ ತಮ್ಮ ದೈವ ಜುಂಜಪ್ಪನ ಪದ ಹೇಳುವವರು ಇನ್ನೂ ಇದ್ದಾರೆ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ಊದುತ್ತಾರೆ, ನಿಲ್ಲಿಸಿ ಹಾಡುತ್ತಾರೆ, ಮತ್ತೆ ಊದುತ್ತಾರೆ. ನಾನು ಒಮ್ಮೆ ಕೇಳಿದ್ದು ರಾತ್ರಿ ಹನ್ನೊಂದರ ಮೇಲೆ. ಮೈಕ್ ಇಲ್ಲ, ಕುರ್ಚಿ ಇಲ್ಲ, ಕುರಿ ರೊಪ್ಪದ ಪಕ್ಕ ಕಂಬಳಿ ಹಾಸಿದ್ದರು. ಗಣೆಯ ಸ್ವರಕ್ಕಿಂತ ಮುಂಚೆ ಉಸಿರಿನ ಸದ್ದು ಕೇಳುತ್ತೆ, ಹುಸ್ಸ್ ಅಂತ. ಅದು ಯಾವ ರೆಕಾರ್ಡಿಂಗಿನಲ್ಲೂ ನನಗೆ ಸಿಕ್ಕಿಲ್ಲ.

ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದ ಬಾಯಲ್ಲೇ ಇದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಅಂಥವರ ಮುಂದೆ ಹೋಗಿ 'ಟ್ರ್ಯಾಕ್' ಅಂದಿದ್ದರೆ ಏನನ್ನುತ್ತಿದ್ದರೋ!

ಹದಡಿರೋಡ್_ಹುಡುಗ

ಕುರಿ ರೊಪ್ಪಕ್ಕೆ ಹೋಗಿ ಸಂಗೀತ ಕೇಳೋದು... ಸರಿ ಅಣ್ಣಾ, ಒಂದು ಸಲ ಕರ್ಕೊಂಡು ಹೋಗಿ. ತಮಾಷೆಗೆ ಹೇಳ್ತಿಲ್ಲ.

ಹಳೇಪೇಟೆ_ಯಜಮಾನ

ನನ್ನ ಮೊಮ್ಮಗ ಇದನ್ನು ತೋರಿಸಿದ. ಟೈಪ್ ಮಾಡುತ್ತಿರುವವನೂ ಅವನೇ. ತಪ್ಪಿದ್ದರೆ ಅವನದು.

ನೀವೆಲ್ಲ ರಸಮಂಜರಿ ಅನ್ನುತ್ತೀರಿ. ನಮಗೆ ಸಂಗೀತ ಅಂದರೆ ಕಂಪನಿ ನಾಟಕ. ದಾವಣಗೆರೆ ಅಂದರೆ ಚಿಂದೋಡಿ ಮನೆತನದ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ರಂಗನಟಿ ಚಿಂದೋಡಿ ಲೀಲಾ ಅವರು 2010ರಲ್ಲಿ ಹೋದರು. ಪದ್ಮಶ್ರೀ ಬಂದಿತ್ತು. ವೇದಿಕೆ ಮುಂದೆ ತಗ್ಗಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಾಲಿನಲ್ಲಿ ತಿದಿ ತುಳಿಯುತ್ತಾ ಎರಡು ಕೈಯಲ್ಲೂ ನುಡಿಸುತ್ತಿದ್ದರು. ಪಾತ್ರಧಾರಿ ಮಾತು ಮುಗಿಸುವ ಮುಂಚೆ ಸ್ವರ ಹಿಡಿಯಬೇಕು. ಮಾತಿನ ಕೊನೆಯ ಅಕ್ಷರ ಯಾವ ಎತ್ತರದಲ್ಲಿ ಬಿತ್ತೋ ಅಲ್ಲಿಂದಲೇ ಹಾಡು.

ಚೀಟಿ ನಮ್ಮ ಕಾಲದಲ್ಲಿ ಇರಲಿಲ್ಲ. 'ಒನ್ಸ್ ಮೋರ್' ಇತ್ತು. ಸತ್ತು ಬಿದ್ದ ಪಾತ್ರ ಎದ್ದು ಧೂಳು ಕೊಡವಿಕೊಂಡು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತು. ಇದು ಕಟ್ಟುಕಥೆ ಅಲ್ಲ, ನಾನೇ ಶಿಳ್ಳೆ ಹೊಡೆದಿದ್ದೇನೆ. ದುಗ್ಗಮ್ಮನ ಜಾತ್ರೆಗೆ ಕಂಪನಿ ಬಂದರೆ ನಾನು ಈಗಲೂ ಹೋಗುತ್ತೇನೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ನನ್ನ ವಯಸ್ಸಿಗೆ ಅದು ಬಹಳ ದೂರ. ಮೊನ್ನೆ ಹೋದಾಗ ಅಲ್ಲೂ ಹಾರ್ಮೋನಿಯಂ ಇರಲಿಲ್ಲ. ಸಣ್ಣ ಕೀಬೋರ್ಡ್ ಇತ್ತು. ಜೋಕು ಜಾಸ್ತಿ, ಹಾಡು ಕಡಿಮೆ. ಎದ್ದು ಬಂದು ಮಿರ್ಚಿ ತಿಂದೆವು.

(ಮೊಮ್ಮಗ: ಅಜ್ಜ ಆರು ಮಿರ್ಚಿ ತಿಂದರು. ಇದನ್ನು ಟೈಪ್ ಮಾಡಬೇಡ ಅಂದಿದ್ದಾರೆ.)

ಮಂಡಕ್ಕಿಭಟ್ಟಿ

ಯಜಮಾನ್ರೇ, ನಮಸ್ಕಾರ. ನೀವು ಬರೀತಾ ಇರಬೇಕು.

ಕೋಟೆಗಾಳಿ ಹೇಳಿದ್ದು ಸರಿ, ನಾನು ರಸಮಂಜರಿ ಒಂದನ್ನೇ ಹಿಡಿದುಕೊಂಡೆ. ಹಾಗಾಗಿ ಇನ್ನೊಂದು ಹೇಳಿಬಿಡುತ್ತೇನೆ. ನಮ್ಮ ಬಾಡಾ ಕ್ರಾಸಿನಲ್ಲಿ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಎಷ್ಟು ಜನಕ್ಕೆ ಗೊತ್ತು? ಗದಗಿನ ಪಂಚಾಕ್ಷರಿ ಗವಾಯಿಗಳ (1892-1944) ಪರಂಪರೆಯದು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ, ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಧಾರವಾಡದ ಹಿಂದೂಸ್ತಾನಿ ಗಾಯಕ ವೆಂಕಟೇಶ ಕುಮಾರ್ ಅವರು ಕಲಿತದ್ದೂ ಗದಗಿನ ಆಶ್ರಮದಲ್ಲೇ.

ನಮ್ಮ ಬಾಡಾ ಕ್ರಾಸಿನ ಆಶ್ರಮದಲ್ಲಿ ಅಹೋರಾತ್ರಿ ಸಂಗೀತ ಇದ್ದಾಗ ಒಮ್ಮೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಗೆಳೆಯನ ಒತ್ತಾಯಕ್ಕೆ. ಹನ್ನೆರಡರವರೆಗೆ ಜನ ತುಂಬಿದ್ದರು. ಒಂದಕ್ಕೆ ಅರ್ಧ ಖಾಲಿ. ಮೂರರ ಹೊತ್ತಿಗೆ ಉಳಿದದ್ದು ನಲವತ್ತು ಜನ ಇರಬಹುದು, ಅದರಲ್ಲಿ ಹತ್ತು ಮಂದಿ ನಿದ್ದೆ. ನನಗೆ ರಾಗ ಗೀಗ ತಿಳಿಯಲ್ಲ. ಪಕ್ಕದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ಒಬ್ಬರು ಪಿಸುಮಾತಿನಲ್ಲಿ ಹೇಳುತ್ತಿದ್ದರು, ಇದು ಮಾಲಕಂಸ, ನಡುರಾತ್ರಿ ರಾಗ, ಇದರಲ್ಲಿ ರಿ, ಪ ಎರಡೂ ಇಲ್ಲ ಅಂತ. ಆಮೇಲೆ ಬೆಳಗಿನ ರಾಗಗಳು ಬಂದವು, ಲಲಿತ್, ಭೈರವ್. ಕಿಟಕಿಯಾಚೆ ಬಣ್ಣ ತಿಳಿಯಾಗುತ್ತಾ ಬಂದಿತ್ತು.

ನಾಲ್ಕೂವರೆ ಸುಮಾರಿಗೆ ಒಬ್ಬ ಹುಡುಗ ಕೂತ. ಕಣ್ಣಿಲ್ಲ. ಹದಿನೈದು ಹದಿನಾರು ವಯಸ್ಸು. ಚಿಕ್ಕ ಖ್ಯಾಲ್ (ವೇಗದ ಲಯದ ಹಿಂದೂಸ್ತಾನಿ ಹಾಡು) ಮುಗಿಸಿದ ಮೇಲೆ ಕಂಬದ ಹತ್ತಿರ ಕೂತಿದ್ದ ಒಬ್ಬ ಅಜ್ಜಿ, ರುಮಾಲು ಹೊದ್ದು ಮಲಗಿದ್ದಾರೆ ಅಂತ ನಾನು ಅಂದುಕೊಂಡಿದ್ದೆ, 'ತಮ್ಮಾ, ಅಕ್ಕನ ವಚನ ಒಂದು ಹೇಳಪಾ' ಅಂದರು. ಹುಡುಗ ದನಿ ಬಂದ ಕಡೆ ಮುಖ ತಿರುಗಿಸಿದ. ಹಾರ್ಮೋನಿಯಂನವರಿಗೆ ಏನೂ ಹೇಳಲಿಲ್ಲ. ಸುಮ್ಮನೆ 'ಸಾ' ಹಿಡಿದು ನಿಂತ. ಅವರು ಹುಡುಕಿಕೊಂಡು ಬಂದು ಸೇರಿಕೊಂಡರು. ಅಷ್ಟೇ. ಅದೂ ಒಂದು ಚೀಟಿಯೇ ಅಲ್ವಾ?

ಆಮೇಲೆ ಬೈಕಿನಲ್ಲಿ ವಾಪಸ್ ಬರುವಾಗ ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಹಾಕಿತ್ತು. ಬೇರೆ ದಿನ ಆಗಿದ್ದರೆ ಬೈಯುತ್ತಿದ್ದೆ.

ಕೋಟೆಗಾಳಿ

ಚೆನ್ನಾಗಿ ಬರೆದಿರಿ. ಹಾಗೇ ಸಾಣೇಹಳ್ಳಿಗೂ ಒಮ್ಮೆ ಹೋಗಿ. ಹೊಸದುರ್ಗ ತಾಲ್ಲೂಕು. ಶಿವಸಂಚಾರ ನಾಟಕ ತಂಡದವರು 1997ರಿಂದ ನಾಟಕ ಮಾಡಿಕೊಂಡು ಬಂದಿದ್ದಾರೆ, ನವೆಂಬರಿನಲ್ಲಿ ನಾಟಕೋತ್ಸವ ನಡೆಯುತ್ತೆ. ಬಯಲು ರಂಗಮಂದಿರ, ಮೆಟ್ಟಿಲ ಮೇಲೆ ಕೂರಬೇಕು, ಚಳಿಗೆ ಶಾಲು ಬೇಕೇ ಬೇಕು. (ಸನ್ಮಾನದ ಶಾಲು ಇದ್ದವರು ತನ್ನಿ.) ನಾಟಕಕ್ಕೆ ಮುಂಚೆ ವಚನ ಹಾಡುತ್ತಾರೆ. ನಾನು ಹೋದಾಗೆಲ್ಲ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗಿದೆ. ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ಸುದ್ದಿ.

ಕರಿನಾಲ್ಕು

ನಮಸ್ತೆ. ಇಲ್ಲಿ ಹೆಂಗಸರು ಯಾರೂ ಬರೆದ ಹಾಗೆ ಕಾಣಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ರಸಮಂಜರಿಯಲ್ಲಿ ಹಾಡುವವಳು. ಹಗಲು ಖಾಸಗಿ ಶಾಲೆಯಲ್ಲಿ ಕೆಲಸ.

ಟ್ರ್ಯಾಕಿನ ನಿಜವಾದ ಕಷ್ಟ ನಿಮಗ್ಯಾರಿಗೂ ಹೊಳೆದಿಲ್ಲ. ಅದು ಶ್ರುತಿಯದು. ಸಿನಿಮಾದಲ್ಲಿ ಯಾರು ಹಾಡಿದರೋ ಅವರ ಗಂಟಲಿಗೆ ಕಟ್ಟಿದ ಹಾಡು ಅದು. ನನ್ನ ಶ್ರುತಿ ಕರಿ ನಾಲ್ಕು. ಟ್ರ್ಯಾಕ್ ಬೇರೆ ಕಡೆ ಇದ್ದರೆ ನಾನೇ ಅದರ ಹಿಂದೆ ಓಡಬೇಕು. ಮೇಲಿನ ಸ್ವರದಲ್ಲಿ ಕಿರುಚಬೇಕು, ಕೆಳಗೆ ಹೋದರೆ ದನಿಯೇ ಬರಲ್ಲ. ಲ್ಯಾಪ್‌ಟಾಪಿನಲ್ಲಿ ಏರಿಸಿ ಇಳಿಸಬಹುದು ಅಂತಾರೆ. ಕೀಬೋರ್ಡಿನ ಲೆಕ್ಕದಲ್ಲಿ ಒಂದು ಮನೆ, ಎರಡು ಮನೆ ಸರಿ. ನಾಲ್ಕು ಮನೆ ಇಳಿಸಿ ನೋಡಿ, ತಬಲಾ ನೀರು ತುಂಬಿದ ಕೊಡ ಬಡಿದ ಹಾಗೆ ಕೇಳುತ್ತೆ. ಕೀಬೋರ್ಡಿನಲ್ಲಿ ನುಡಿಸುವವರಿದ್ದರೆ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಮುಗೀತು, ತಬಲಾದವರು ಬೇರೆ ದಾಯಾ (ಜೋಡಿಯಲ್ಲಿ ಬಲಗೈಯಲ್ಲಿ ಬಾರಿಸುವುದು) ಎತ್ತಿಕೊಳ್ಳುತ್ತಾರೆ.

ಇನ್ನೊಂದು ಇದೆ. ಟ್ರ್ಯಾಕ್ ಕಾಯಲ್ಲ. ಜನ ಚಪ್ಪಾಳೆ ಹೊಡೆದರೂ ಕಾಯಲ್ಲ, ನನಗೆ ಕೆಮ್ಮು ಬಂದರೂ ಕಾಯಲ್ಲ. ಒಮ್ಮೆ ಮುಂದಿನ ಸಾಲಿನಲ್ಲಿದ್ದ ಮಗು ವೇದಿಕೆ ಹತ್ತಿ ನನ್ನ ಸೀರೆ ಸೆರಗು ಹಿಡಿದುಕೊಂಡಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಲ್ಕು ಸಾಲು ಹೋಗಿಬಿಟ್ಟಿತ್ತು. ವಾದ್ಯದವರು ಇದ್ದಿದ್ದರೆ ಪಲ್ಲವಿಯನ್ನೇ ಸುತ್ತು ಹಾಕುತ್ತಾ ಕಾಯುತ್ತಿದ್ದರು.

ಚೀಟಿಗಳನ್ನು ನಾನು ಇಟ್ಟುಕೊಂಡಿದ್ದೇನೆ. ಬಿಸ್ಕತ್ತಿನ ಡಬ್ಬ ತುಂಬಾ ಇವೆ. ಬರೀ ಹಾಡಿನ ಹೆಸರು ಇರಲ್ಲ. 'ನಮ್ಮ ಅಕ್ಕನ ಮದುವೆಯಲ್ಲಿ ಹಾಡಿದ್ದಿರಿ, ಅದೇ ಹಾಡಿ' ಅಂತ ಒಂದು. ಯಾವ ಅಕ್ಕ, ಯಾವ ಮದುವೆ ದೇವರಿಗೇ ಗೊತ್ತು. ಒಂದರಲ್ಲಿ ಬರೀ 'ಬೇಗ ಮುಗಿಸಿ' ಅಂತ ಇದೆ. ಅದನ್ನೂ ಇಟ್ಟುಕೊಂಡಿದ್ದೇನೆ.

ಹದಡಿರೋಡ್_ಹುಡುಗ

ಅಕ್ಕಾ, ಟ್ರ್ಯಾಕ್ ಕಾಯಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಕಾಲೇಜು ಫೆಸ್ಟಿನಲ್ಲಿ ನಮ್ಮ ಹುಡುಗರ ಬ್ಯಾಂಡ್ ಇದೆ, ಡ್ರಮ್ಮರ್ ಓಡಿಬಿಡುತ್ತಾನೆ, ಉಳಿದವರು ಅವನ ಹಿಂದೆ. ನಾವು ಅದನ್ನೇ ಕೆಟ್ಟದ್ದು ಅಂತ ನಗುತ್ತಿದ್ದೆವು.

ಪ್ಯಾಡ್_ತಮ್ಮ

ಅಕ್ಕಾ, ನಿಮ್ಮ ದನಿ ನನಗೆ ಗೊತ್ತು ಅನ್ನಿಸುತ್ತೆ. ಹೆಸರು ಹೇಳಲ್ಲ ಬಿಡಿ.

ಮಂಡಕ್ಕಿಭಟ್ಟಿ ಅಣ್ಣಾ, ಬರುವ ವಾರ ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕಾರ್ಯಕ್ರಮ ಇದೆ. ಊರವರೇ 'ಲ್ಯಾಪ್‌ಟಾಪ್ ತರಬೇಡ್ರಿ' ಅಂದಿದ್ದಾರೆ, ಯಾಕೋ ಗೊತ್ತಿಲ್ಲ. ಕೀಬೋರ್ಡ್, ತಬಲಾ, ಢೋಲಕ್, ನಾನು. ಊರ ಹೆಸರು ಮೆಸೇಜಿನಲ್ಲಿ ಕಳಿಸ್ತೀನಿ. ಅವ್ವನನ್ನು ಕರ್ಕೊಂಡು ಬನ್ನಿ. ಚೀಟಿ ಮರೀಬೇಡಿ. ಸಾಧ್ಯವಾದರೆ ಎರಡು ಚೀಟಿ ತನ್ನಿ, ಒಂದು ಬರದಿದ್ದರೆ ಇನ್ನೊಂದು.

ಮಂಡಕ್ಕಿಭಟ್ಟಿ

ಹೋಗಿ ಬಂದೆವು. ನಿನ್ನೆ ರಾತ್ರಿ ಒಂದು ಗಂಟೆಗೆ ಮನೆ ಸೇರಿದ್ದು, ಹಾಗಾಗಿ ತಡ.

ಎರಡು ಟ್ರ್ಯಾಕ್ಟರ್ ಟ್ರೇಲರ್ ಜೋಡಿಸಿ ವೇದಿಕೆ ಮಾಡಿದ್ದರು. ಮೇಲೆ ಕಾರ್ಪೆಟ್. ಭತ್ತದ ಕೊಯ್ಲು ಮುಗಿದ ಗದ್ದೆ, ಕಾಲಿಗೆ ಕೂಳೆ ಚುಚ್ಚುತ್ತಿತ್ತು. ಸನ್ಮಾನ ಇತ್ತು, ಆದರೆ ಐದೇ ಜನಕ್ಕೆ. ಎಂಟಕ್ಕೆ ಹಾಡು ಶುರುವಾಯ್ತು ಅಂದರೆ ನಂಬುತ್ತೀರಾ? ಮೊದಲ ಎರಡು ಹಾಡು ಸೌಂಡ್ ಸರಿ ಇರಲಿಲ್ಲ, ಢೋಲಕ್ ಬಿಟ್ಟು ಏನೂ ಕೇಳಲಿಲ್ಲ. ಮೂರನೇದಕ್ಕೆ ಒಂದು ಹದಕ್ಕೆ ಬಂತು. ಗಣೇಶನ ಹಾಡು, ಆಮೇಲೆ ಹೊಸ ಸಿನಿಮಾದ್ದು ಎರಡು, ಒಂದು ಜಾನಪದ. ಹುಡುಗರು ಕುಣಿದರು. ಹದಡಿರೋಡ್ ತಮ್ಮಾ, ಟ್ರ್ಯಾಕ್ ಇಲ್ಲದೆಯೂ ಕುಣಿಯುತ್ತಾರೆ ನೋಡು. ಢೋಲಕ್ಕಿನವರು ಅವರ ಕಾಲು ನೋಡಿಕೊಂಡು ಬಾರಿಸುತ್ತಿದ್ದರು.

ಅವ್ವ ಹ್ಯಾಂಡ್‌ಬ್ಯಾಗಿನಿಂದ ಚೀಟಿ ತೆಗೆದಳು. ಅದೇ ಗ್ಯಾಸ್ ರಶೀದಿ. ನಾನು ಮುದುಕನಾಗುವ ಹೊತ್ತಿಗೆ ಮತ್ತೆ ಚೀಟಿ ಸಾಗಿಸುವ ಹುಡುಗನಾದೆ.

ತಂಡದಲ್ಲಿ ಗಂಡು ಗಾಯಕರು ಒಬ್ಬರೇ ಇದ್ದರು, ಅವರಿಗೆ ಆಗಲೇ ಗಂಟಲು ಕಟ್ಟಿತ್ತು, ಬಿಸಿನೀರು ಕುಡಿಯುತ್ತಾ ಮೂಲೆಯಲ್ಲಿ ಕೂತಿದ್ದರು. ಕೀಬೋರ್ಡಿನವರು ಚೀಟಿ ಓದಿದರು. ಹಾಡುವ ಅಕ್ಕನಿಗೆ ಕೊಟ್ಟರು. ಅಕ್ಕ ಮೈಕಿನಲ್ಲಿ, 'ಅಮ್ಮಾ, ಇದು ಗಂಡಸರ ಹಾಡು. ನಾನು ಹಾಡಿದರೆ ಆಗುತ್ತಾ?' ಅವ್ವ ಕೂತಲ್ಲಿಂದಲೇ ಕೈ ಬೀಸಿ 'ಹಾಡವ್ವ' ಅಂದಳು. ಅಕ್ಕ ಹಿಂದೆ ತಿರುಗಿ ನಾಲ್ಕು ಬೆರಳು ತೋರಿಸಿದರು. ತಬಲಾದವರು ಚೀಲದಿಂದ ಸಣ್ಣ ದಾಯಾ ತೆಗೆದು ಟಕ್ ಟಕ್ ಶುರು ಮಾಡಿದರು. ಆ ಸದ್ದು ನಾನು ಕೇಳಿ ಎಷ್ಟು ವರ್ಷ ಆಗಿತ್ತೋ.

ಮೊದಲ ಚರಣ ಸಲೀಸಾಗಿ ಹೋಯ್ತು. ಎರಡನೇ ಚರಣಕ್ಕೆ ಬಂದಾಗ ಅಕ್ಕನಿಗೆ ಸಾಲು ನೆನಪಾಗಲಿಲ್ಲ. ಮೊಬೈಲಿಗೆ ಕೈ ಹಾಕಿದರು, ಆ ಗದ್ದೆಯಲ್ಲಿ ನೆಟ್‌ವರ್ಕ್ ಇಲ್ಲ. ವಾದ್ಯದವರು ಸುಮ್ಮನೆ ಅದೇ ತುಂಡನ್ನು ಸುತ್ತು ಹಾಕುತ್ತಾ ನಿಂತರು. ಒಂದು ಸುತ್ತು, ಎರಡು ಸುತ್ತು. ಅವ್ವ ಕುರ್ಚಿ ಹಿಡಿದುಕೊಂಡು ಎದ್ದಳು. ಮಂಡಿನೋವು ಎಲ್ಲಿ ಹೋಯ್ತೋ. ವೇದಿಕೆ ಹತ್ತಿರ ಹೋಗಿ ಸಾಲು ಹೇಳಿಕೊಟ್ಟಳು. ಹಾಡಿ ಅಲ್ಲ, ಮಗ್ಗಿ ಹೇಳಿಕೊಡುವ ಥರ. ಅಕ್ಕ ಬಗ್ಗಿ ಕೇಳಿಸಿಕೊಂಡು ಹಾಡಿದರು. ಮುಂದಿನ ಸಾಲು, ಮತ್ತೆ ಬಗ್ಗಿದರು. ಹಾಗೇ ಪೂರ್ತಿ ಚರಣ. ಜನ ಒಂದು ಪಿಟ್ಟೂ ಅನ್ನಲಿಲ್ಲ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಅವ್ವ ಹೇಳಿದ್ದು: 'ಹೆಣ್ಮಗಳು ಚೆನ್ನಾಗಿ ಹಾಡಿದಳು. ಆದರೆ ಆ ಢೋಲಕ್ಕಿನವನಿಗೆ ಏನೋ ಅವಸರ. ಬಸ್ ಹಿಡಿಯೋದಿತ್ತೇನೋ.'

ಹದಡಿರೋಡ್_ಹುಡುಗ

ವಿಡಿಯೋ ಇದೆಯಾ ಅಣ್ಣಾ?

ಮಂಡಕ್ಕಿಭಟ್ಟಿ

ಇಲ್ಲ ಮಾರಾಯ. ಫೋನ್ ತೆಗೆಯೋದೇ ಮರೆತೆ.

ಕರಿನಾಲ್ಕು

ಆ ರಶೀದಿ ಈಗ ನನ್ನ ಡಬ್ಬದಲ್ಲಿದೆ. ಗ್ಯಾಸಿನ ಆಫೀಸಿಗೆ ಬೇಕಾದರೆ ಹೇಳಿ, ವಾಪಸ್ ಕಳಿಸುತ್ತೇನೆ.

ಪ್ಯಾಡ್_ತಮ್ಮ

ಢೋಲಕ್ ಬಾರಿಸಿದ್ದು ನಮ್ಮ ಸೋದರಮಾವ. ಅವ್ವ ಹೇಳಿದ್ದನ್ನು ಹೇಳಿದೆ. ಸಿಟ್ಟಾಗಿದ್ದಾರೆ. 'ಮುಂದಿನ ಸಲ ಬರ್ಲಿ, ನಿಧಾನಕ್ಕೆ ಬಾರಿಸಿ ತೋರಿಸ್ತೀನಿ' ಅಂತ ಬೆಳಿಗ್ಗೆಯಿಂದ ಮನೆಯಲ್ಲಿ ಪ್ರಾಕ್ಟೀಸ್ ಮಾಡ್ತಿದ್ದಾರೆ. ಅತ್ತೆ ಫೋನ್ ಮಾಡಿ ನನಗೆ ಬೈದರು.